ರಜಾಕನ ಬಲಗಾಲು

ಪಿಕಪ್ಪಿನ ಡಿಸ್ಕ್ ಹಾಳು ಮಾಡಿದ್ದು ನಾನು. ರಜಾಕ್ ಅಲ್ಲ.

ಒಂದು ಸಲ ಅಲ್ಲ, ಎರಡು ಸಲ. ಮೊದಲನೆಯ ಸಲ ಗೊತ್ತಿಲ್ಲದೆ ಮಾಡಿದೆ. ಎರಡನೆಯ ಸಲ ಗೊತ್ತಿದ್ದೂ ಮಾಡಿದೆ. ಎರಡೂ ಸಲ ಅದನ್ನು ನನ್ನ ಡ್ರೈವರ್ ರಜಾಕನ ತಲೆಗೆ ಕಟ್ಟಿದೆ. ಹೆತ್ತೂರಿನಿಂದ ಸಕಲೇಶಪುರದ ಪಿಕಪ್ ಸ್ಟ್ಯಾಂಡಿನವರೆಗೆ ಅವನಿಗೆ 'ಆನೆಕಾಲು ರಜಾಕ್' ಅಂತ ಹೆಸರು ಬಿತ್ತಲ್ಲ — ಅದು ನನ್ನಿಂದ ಬಿದ್ದ ಹೆಸರು. ಆ ಹೆಸರು ಹಿಡಿದು ಜನ ನಕ್ಕಾಗ ನಾನೂ ನಕ್ಕಿದ್ದೇನೆ. ಹಲ್ಲು ಕಿರಿದು ನಕ್ಕಿದ್ದೇನೆ. ಇವತ್ತು ಆ ನಗು ನೆನಪಾದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ. ಥೂ!

ಓದುವವರಿಗೆ ಇದೇನು ಮಹಾ ವಿಷಯ ಅನ್ನಿಸಬಹುದು. ಒಂದು ಗಾಡಿ, ಅದರ ಬ್ರೇಕು. ಯಾರೂ ಸಾಯಲಿಲ್ಲ, ಗಾಡಿ ಕಂದಕಕ್ಕೆ ಉರುಳಲಿಲ್ಲ. ನಾನೂ ಇಷ್ಟು ವರ್ಷ ಹಾಗೇ ಅಂದುಕೊಂಡು ಹೊಟ್ಟೆ ತುಂಬ ಉಂಡು, ಗೊರಕೆ ಹೊಡೆದು ಮಲಗಿದವನು. ಈಗ ರಜಾಕನಿಗೆ ಹೇಳಿಯಾಗಿದೆ. ಆದರೆ ಅವನೊಬ್ಬನಿಗೆ ಹೇಳಿದರೆ ಸಾಕೇ? ಆ ಹೆಸರು ಇರುವುದು ಊರವರ ಬಾಯಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಹೇಸಿಗೆಯಾಗುತ್ತಿದೆ, ಅಷ್ಟೆ.

ನಾನು ಹುಟ್ಟಿದ್ದು ಆಲೂರಿನ ಕಡೆ. ನಮ್ಮದು ಆಲೂಗಡ್ಡೆ, ರಾಗಿ ಬೆಳೆಯುವ ಹೊಲ. ಗಾಡಿ ಕಲಿತದ್ದು ಅಪ್ಪನ ಟ್ರ್ಯಾಕ್ಟರಿನಲ್ಲಿ, ಅದೂ ಸಮತಟ್ಟಾದ ರಸ್ತೆಯಲ್ಲಿ. ಮದುವೆಯಾಗಿ ಹೆತ್ತೂರಿನ ಹತ್ತಿರ ಮಾವನ ಕಾಫಿ ತೋಟಕ್ಕೆ ಮನೆ ಅಳಿಯನಾಗಿ ಬಂದೆ. ಮಾವ ತೀರಿಕೊಂಡ ಮೇಲೆ ತೋಟದ ಯಜಮಾನಿಕೆ ನನ್ನ ಕೈಗೆ ಬಂತು. ತೋಟದ ಲೆಕ್ಕ ಬರೆಯುವ ರೈಟರು, ಲೈನ್ ಮನೆಗಳ ಆಳುಗಳು, ಅಂಗಡಿಯವರು, ಎಲ್ಲರೂ 'ಗೌಡ್ರೇ' ಅಂದರು. ನನಗೂ ಅದು ಹಿತವಾಗಿತ್ತು. ಆದರೆ ನನ್ನ ಹೆಂಡತಿ ಪದ್ಮಳ ಚಿಕ್ಕಪ್ಪನ ಮಗ ಶಿವಣ್ಣ ಅಂತ ಒಬ್ಬನಿದ್ದ. ಪಕ್ಕದ ತೋಟದವನು. 'ಭಾವ' ಅಂತ ಬಾಯ್ತುಂಬ ಕರೆಯುವವನು, ಕರೆದಾಗಲೆಲ್ಲ ಒಂದು ಸಲ ಚಿವುಟದೆ ಬಿಡುತ್ತಿರಲಿಲ್ಲ.

ಆ ಕಾಲಕ್ಕೆ ನಮ್ಮ ಕಡೆ ಪಿಕಪ್ಪುಗಳು ಹೊಸದು. ನಾನು ತಂದದ್ದು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇರುವಂಥದ್ದು. ಚಕ್ರದ ಒಳಗೆ ತಟ್ಟೆಯ ಹಾಗೆ ಒಂದು ಕಬ್ಬಿಣ ತಿರುಗುತ್ತಿರುತ್ತದೆ, ಬ್ರೇಕ್ ಒತ್ತಿದರೆ ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಗಾಡಿ ನನ್ನದು, ಓಡಿಸುತ್ತಿದ್ದುದು ರಜಾಕ್. ಕಾಫಿ, ಮೆಣಸು ಹೇರಿಕೊಂಡು ಸಕಲೇಶಪುರಕ್ಕೆ ಹೋಗುವುದು, ಒಮ್ಮೊಮ್ಮೆ ಬಿಸಿಲೆ ಘಾಟಿ ಇಳಿದು ಘಟ್ಟದ ಕೆಳಗಿನಿಂದ ಅಡಿಕೆ ಸಸಿ ತರುವುದು, ಎಲ್ಲ ಅವನದೇ. ಅವನ ಹೆಂಡತಿ, ಮಗಳು ಸಕಲೇಶಪುರದಲ್ಲಿದ್ದರು. ಅವನು ನಮ್ಮ ಸ್ಟೋರಿನ ಹಿಂದಿನ ಕೋಣೆಯಲ್ಲಿರುತ್ತಿದ್ದ. ಶುಕ್ರವಾರ ಬೆಳಗಿನ ಬಸ್ಸಿಗೆ ಸಕಲೇಶಪುರಕ್ಕೆ ಹೋಗಿ, ಮಸೀದಿಯಲ್ಲಿ ಜುಮ್ಮಾ ನಮಾಜು ಮುಗಿಸಿ, ಹೆಂಡತಿ ಮಗಳ ಜೊತೆ ಉಂಡು, ಸಂಜೆ ಬಸ್ಸಿಗೆ ವಾಪಸ್ ಬರುತ್ತಿದ್ದ. ಗಾಡಿಯ ಕೀ ನಮ್ಮ ಪಡಸಾಲೆಯ ಮೊಳೆಗೆ ತಗುಲಿಸಿ ಹೋಗುತ್ತಿದ್ದ.

ಅವನು ಗಾಡಿ ಓಡಿಸುವುದನ್ನು ನೋಡಬೇಕಿತ್ತು. ಘಾಟಿ ಹತ್ತುವಾಗ ಯಾವ ಗೇರಿನಲ್ಲಿ ಹತ್ತುತ್ತಿದ್ದನೋ ಇಳಿಯುವಾಗಲೂ ಅದೇ ಗೇರು. ಇಂಜಿನ್ನೇ ಗಾಡಿಯನ್ನು ಹಿಡಿದಿಟ್ಟಿರುತ್ತಿತ್ತು. ತಿರುವು ಬಂದಾಗ ಮಾತ್ರ ಬ್ರೇಕಿಗೆ ಕಾಲು ಹೋಗುತ್ತಿತ್ತು, ಮುಟ್ಟಿ ವಾಪಸ್ ಬರುತ್ತಿತ್ತು. ಪಕ್ಕದಲ್ಲಿ ಕೂತ ಪದ್ಮ ನಿದ್ದೆ ಹೋಗುತ್ತಿದ್ದಳು. ನನ್ನ ಪಕ್ಕ ಕೂತಾಗ ಅವಳು ಯಾವತ್ತೂ ನಿದ್ದೆ ಮಾಡಿದವಳಲ್ಲ. ಬಾಗಿಲ ಮೇಲಿನ ಹಿಡಿ ಬಿಡುತ್ತಿರಲಿಲ್ಲ.

ಶಿವಣ್ಣನ ಮನೆಯ ಗೃಹಪ್ರವೇಶದ ಊಟ. ಪಂಕ್ತಿಯಲ್ಲಿ ಕೂತಿದ್ದೆವು. ಯಾರೋ ಬಿಸಿಲೆ ರಸ್ತೆಯ ಮಾತು ತೆಗೆದರು. ಶಿವಣ್ಣ ಬಡಿಸುತ್ತಿದ್ದವನು ಸೌಟು ಹಿಡಿದುಕೊಂಡೇ ಅಂದ:

"ಅಯ್ಯೋ, ನಮ್ ಭಾವಂಗೆ ಬಿಸಿಲೆ ಇಳಿಯೋಕೂ ಡ್ರೈವರ್ ಬೇಕು ಕಣ್ರೋ. ಭಾವ, ಇದು ನಿಮ್ ಆಲೂಗಡ್ಡೆ ಹೊಲ ಅಲ್ಲ, ಹುಷಾರು! ಉರುಳಿದ್ರೆ ಸೀದಾ ಸುಬ್ರಹ್ಮಣ್ಯದಲ್ಲೇ ನಿಲ್ಲೋದು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಸಾರನ್ನ ಕಲೆಸುತ್ತಾ ಕೂತೆ.

ಇದನ್ನು ಕಾರಣ ಅಂತ ಹೇಳುತ್ತಿಲ್ಲ. ಉಂಡು ನಕ್ಕು ಎದ್ದುಹೋಗುವಂಥ ಮಾತು ಅದು, ನೆಂಟರೊಳಗೆ ಇಂಥದ್ದು ದಿನಾ ನಡೆಯುತ್ತದೆ. ನನ್ನ ಜಾಗದಲ್ಲಿ ಬೇರೆಯವರಿದ್ದರೆ 'ಹೌದು ಮಾರಾಯ, ನಂಗೆ ಬರಲ್ಲ' ಅಂದು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ನನಗೆ ಬರಲ್ಲ ಅನ್ನುವ ಒಂದು ಮಾತು ನನ್ನ ಬಾಯಲ್ಲಿ ಬರಲಿಲ್ಲ. ಯಾವತ್ತೂ ಬಂದಿರಲಿಲ್ಲ.

ಮುಂದಿನ ಶುಕ್ರವಾರ ರಜಾಕ್ ಬಸ್ಸು ಹತ್ತಿದ ಮೇಲೆ ಕೀ ತೆಗೆದುಕೊಂಡೆ. ಪದ್ಮಳಿಗೆ "ಹೆತ್ತೂರಿಗೆ ಹೋಗಿ ಬರ್ತೀನಿ" ಅಂದೆ. ಹೆತ್ತೂರಿಗೆ ನಾನೊಬ್ಬನೇ ಗಾಡಿ ತೆಗೆದುಕೊಂಡು ಹೋಗುವುದು ಎಲ್ಲರಿಗೂ ಗೊತ್ತಿದ್ದ ವಿಷಯ, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಾನು ಹೋದದ್ದು ಬಿಸಿಲೆಗೆ. ಘಾಟಿ ಕಲಿತುಬಿಡಬೇಕು, ಒಂದು ದಿನ ಶಿವಣ್ಣನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಜುಮ್ಮಂತ ಇಳಿಯಬೇಕು — ಅದು ನನ್ನ ಆಸೆ.

ನನ್ನದು ಟ್ರ್ಯಾಕ್ಟರ್ ಬುದ್ಧಿ. ಇಳಿಜಾರು ಸಿಕ್ಕಿತೋ, ನ್ಯೂಟ್ರಲ್‌ಗೆ ಹಾಕು, ಡೀಸೆಲ್ ಉಳಿಯುತ್ತದೆ, ಬೇಕಾದರೆ ಬ್ರೇಕ್ ಐತಲ್ಲ! ನಮ್ಮ ಹೊಲದ ದಾರಿಯ ದಿಣ್ಣೆಗೆ ಅದು ನಡೆಯುತ್ತಿತ್ತು. ಇಲ್ಲಿ ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ತಿರುವು. ಗಾಡಿ ನುಗ್ಗುತ್ತಿತ್ತು, ನಾನು ಬ್ರೇಕ್ ಮೇಲಿಂದ ಕಾಲು ತೆಗೆಯಲೇ ಇಲ್ಲ. ಅರ್ಧ ಇಳಿಯುವಷ್ಟರಲ್ಲಿ ಕೂದಲು ಸುಟ್ಟಂಥ ವಾಸನೆ ಬಂತು. ಆಮೇಲೆ ಮುಂದಿನ ಚಕ್ರಗಳ ಸಂದಿಯಿಂದ ಹೊಗೆ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೇಗೋ ಕೆಳಗೆ ಒಂದು ಹಳ್ಳದ ಹತ್ತಿರ ನಿಲ್ಲಿಸಿದೆ. ಗಾಡಿಗೆ ಬೆಂಕಿ ಹತ್ತುತ್ತದೆ ಅಂತಲೇ ನನ್ನ ಭಯ. ಸೀಟಿನ ಹಿಂದೆ ಇದ್ದ ಬಕೆಟ್ ಎಳೆದು, ಹಳ್ಳದ ನೀರು ತುಂಬಿ, ಎರಡೂ ಚಕ್ರಕ್ಕೆ ಹೊಯ್ದೆ. ಚುಯ್ಯ್ ಅಂತು. ಬಿಳೀ ಹಬೆ ಎದ್ದು ಮುಖಕ್ಕೆ ಹೊಡೆಯಿತು. ಇನ್ನೂ ಹೊಯ್ದೆ. ಹೊಗೆ ನಿಂತಾಗ, ಭಲೇ, ಎಷ್ಟು ಬೇಗ ಉಪಾಯ ಹೊಳೀತು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೆಸರನ್ನೂ ಅಲ್ಲೇ ತೊಳೆದೆ. ಹತ್ತಿಕೊಂಡು ಮನೆಗೆ ಬಂದೆ. ಸಂಜೆ ರಜಾಕ್ ಬಂದಾಗ ಕೀ ಮೊಳೆಯಲ್ಲೇ ಇತ್ತು.

ಮಾರನೆಯ ದಿನ ಕಾಫಿ ಹೇರಿಕೊಂಡು ಹೋದವನು ವಾಪಸ್ ಬಂದು ಅಂಗಳದಲ್ಲಿ ನಿಂತು ಹಣೆ ಉಜ್ಜಿಕೊಂಡ.

"ಗೌಡ್ರೇ, ಬ್ರೇಕ್ ಒತ್ತಿದ್ರೆ ಪೆಡಲ್ ನಡುಗ್ತೈತೆ. ಸ್ಟೇರಿಂಗು ಕೈಯಾಗೆ ನಿಲ್ತಾನೇ ಇಲ್ಲ, ಗಡಗಡ ಅಂತೈತೆ. ನಿನ್ನೆ ಎಲ್ಲಾದ್ರೂ ದೂರ ಹೋಗಿದ್ರಾ?"

ಕೇಳಿಯೇಬಿಟ್ಟಿದ್ದ. ಹೌದು ಕಣೋ, ಬಿಸಿಲೆಗೆ ಹೋಗಿದ್ದೆ, ಹೊಗೆ ಬಂತು, ನೀರು ಹಾಕ್ಬುಟ್ಟೆ ಅಂದಿದ್ದರೆ ಅವನು ನಗುತ್ತಿದ್ದ, ಅಷ್ಟೆ. ಮುಂದಿನ ವಾರ ಪಕ್ಕದಲ್ಲಿ ಕೂತು ನನಗೆ ಕಲಿಸಿಯೂ ಕೊಡುತ್ತಿದ್ದನೋ ಏನೋ —

"ಹೆತ್ತೂರಿಗೆ ಹೋಗಿದ್ದೆ," ಅಂದೆ. "ಆಗೆಲ್ಲ ಸರಿಯಾಗೇ ಇತ್ತಲ್ಲೋ."

ಸಕಲೇಶಪುರದಲ್ಲಿ ಲೂಯಿಸ್ ಮೇಸ್ತ್ರಿಯ ಗ್ಯಾರೇಜಿಗೆ ಇಬ್ಬರೂ ಹೋದೆವು. ಮೇಸ್ತ್ರಿ ಚಕ್ರ ಬಿಚ್ಚಿ ಡಿಸ್ಕ್ ತೋರಿಸಿದ. ಅಲ್ಲಲ್ಲಿ ನೀಲಿ ಬಣ್ಣ ತಿರುಗಿತ್ತು. ಅಂಚಿಗೆ ಸ್ಕ್ರೂಡ್ರೈವರ್ ಹಿಡಿದು ತಿರುಗಿಸಿದರೆ ಒಂದು ಕಡೆ ತಾಗುತ್ತಿತ್ತು, ಇನ್ನೊಂದು ಕಡೆ ಬಿಡುತ್ತಿತ್ತು.

"ಡಿಸ್ಕ್ ಬೆಂಡ್ ಆಗೈತೆ. ಇದನ್ನ ಯಾರೋ ಬ್ರೇಕ್ ಮೇಲೇ ನಿಂತ್ಕೊಂಡು ಘಾಟಿ ಇಳ್ಸಿದಾರೆ. ಅಷ್ಟು ಕಾದಿರೋ ಡಿಸ್ಕಿಗೆ ತಣ್ಣೀರು ಬಿದ್ರೆ ಮುಗೀತು, ಗುಂಡಿ ನೀರಿಗೆ ಇಳಿದ್ರೂ ಸಾಕು. ಯಾರು ಗಾಡಿ ಓಡ್ಸೋದು?"

ರಜಾಕನ ಕಡೆ ನೋಡಿದೆ. ನೋಡಿದ್ದೇ ಸಾಕಾಯಿತು.

"ನಾನು ಹಂಗೆ ಇಳ್ಸಲ್ಲ ಮೇಸ್ತ್ರಿ," ಅಂದ ರಜಾಕ್. ಅವನ ಕಿವಿ ಕೆಂಪಾಗಿತ್ತು.

"ಎಲ್ಲಾ ಹಂಗೇ ಅಂತಾರೆ ಬಿಡು ಮಾರಾಯ," ಅಂತ ಲೂಯಿಸ್ ನಕ್ಕ.

ಆಗ ನಾನು ಏನಂದೆ ಗೊತ್ತೇ? ದೊಡ್ಡ ಮನುಷ್ಯನ ಹಾಗೆ ಕೈ ಬೀಸಿ, "ಹೋಗ್ಲಿ ಬಿಡ್ರೀ ಲೂಯಿಸ್, ಯಾರಿಗಾದ್ರೂ ಆಗುತ್ತೆ" ಅಂದೆ. ಮಾಡಿದವನು ನಾನು, ಕ್ಷಮಿಸಿದವನೂ ನಾನೇ! ರಜಾಕ್ ನನ್ನ ಮುಖವನ್ನು ಕೃತಜ್ಞತೆಯಿಂದ ನೋಡಿದ. ಆ ನೋಟವನ್ನು ಕೂಡ ನಾನು ಬೇಡ ಅನ್ನಲಿಲ್ಲ, ಇಟ್ಟುಕೊಂಡೆ.

ಡಿಸ್ಕನ್ನು ಲೇತಿಗೆ ಕೊಟ್ಟು ಮಟ್ಟ ಮಾಡಿಸಿ ತಂದೆವು. ಪೆಡಲ್ ನಡುಗುವುದು ನಿಂತಿತು. ಅಲ್ಲಿಗೆ ನನಗೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕೆಲವು ವಾರ ಸುಮ್ಮನಿದ್ದೆ. ಯಾವುದೋ ಮದುವೆಯಲ್ಲಿ ಶಿವಣ್ಣ ಮತ್ತೆ ಸಿಕ್ಕಿ, "ಏನ್ ಭಾವ, ಘಾಟಿ ಕಲಿತ್ರಾ?" ಅಂದ. ಅವನು ಸುಮ್ಮನೆ ಅಂದದ್ದು. ನನಗೆ ಮೈ ಉರಿಯಿತು. ಆ ಶುಕ್ರವಾರ ಮತ್ತೆ ಬಿಸಿಲೆಗೆ ಹೋದೆ.

ಈ ಸಲ ಗೇರಿನಲ್ಲೇ ಇಳಿಯಬೇಕು ಅಂತ ಶುರುಮಾಡಿದೆ. ಇಂಜಿನ್ ಗೊರಗೊರ ಅಂತ ಕೂಗಿಕೊಂಡಿತು, ಏನೋ ಮುರಿಯುತ್ತದೆ ಅಂತ ಹೆದರಿ ನ್ಯೂಟ್ರಲ್‌ಗೆ ಹಾಕಿಬಿಟ್ಟೆ. ಮತ್ತೆ ಅದೇ ವಾಸನೆ, ಅದೇ ಹೊಗೆ, ಅದೇ ಹಳ್ಳ. ಮೇಸ್ತ್ರಿ ಹೇಳಿದ ಮಾತು ಕಿವಿಯಲ್ಲೇ ಇತ್ತು — ಕಾದ ಡಿಸ್ಕಿಗೆ ತಣ್ಣೀರು ಬೀಳಬಾರದು. ಸುಮ್ಮನೆ ಒಂದು ಮರದ ಕೆಳಗೆ ಕೂತು ಕಾದಿದ್ದರೆ ತಾನಾಗಿ ಆರುತ್ತಿತ್ತು. ಆದರೆ ಕಾದರೆ ಹೊತ್ತಾಗುತ್ತದೆ, ಬಸ್ಸು ಬರುತ್ತದೆ, ರಜಾಕ್ ಮೊದಲೇ ಬಂದು ಅಂಗಳದಲ್ಲಿ ನಿಂತಿರುತ್ತಾನೆ, ಎಲ್ಲಿಗೆ ಹೋಗಿದ್ರಿ ಅಂತ ಕೇಳುತ್ತಾನೆ. ಬಕೆಟ್ ಕೈಯಲ್ಲಿ ಹಿಡಿದು ಹಳ್ಳದ ಅಂಚಿನಲ್ಲಿ ನಿಂತಿದ್ದೆ. ಆಗ ನನ್ನ ತಲೆಯಲ್ಲಿ ಓಡಿದ ಮಾತನ್ನು ಇದ್ದಹಾಗೇ ಬರೆಯುತ್ತೇನೆ: ಹೋದ ಸಲ ಅವನ ತಲೆಗೆ ಹೋಯ್ತಲ್ಲ, ಈ ಸಲವೂ ಹೋಗುತ್ತೆ.

ನೀರು ಹೊಯ್ದೆ.

ಇಷ್ಟು ಕೊಳಕು ಯೋಚನೆ ನನ್ನ ತಲೆಗೆ ಬಂತಲ್ಲ ಅಂತ ಅಲ್ಲ ನನ್ನ ಹೇಸಿಗೆ. ಅದು ಬಂದಾಗ ನನಗೆ ಸಮಾಧಾನವಾಯಿತಲ್ಲ — ಅದಕ್ಕೆ.

ಸೋಮವಾರ ರಜಾಕ್ ಗಾಡಿ ತಂದು ನಿಲ್ಲಿಸಿ, ಇಳಿಯದೆ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ನಾನು ಹತ್ತಿರ ಹೋದೆ. "ಮತ್ತೆ ಶುರುವಾಯ್ತು ಗೌಡ್ರೇ," ಅಂದ. "ನಾನು ಏನೂ ಮಾಡಿಲ್ಲ. ದೇವರಾಣೆ ಏನೂ ಮಾಡಿಲ್ಲ."

ಆಗ ನಾನು ಆಡಿದ ಮಾತು ಇದು. ಇದೊಂದು ಮಾತಿಗಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

"ನಿನ್ ಕಾಲು ಭಾರ ಕಣೋ ರಜಾಕ್. ನಿಂಗೇ ಗೊತ್ತಾಗ್ತಿಲ್ಲ."

ಬೈದು ಹೇಳಲಿಲ್ಲ. ಬೈದಿದ್ದರೆ ಅವನು ತಿರುಗಿ ನಿಲ್ಲುತ್ತಿದ್ದನೋ ಏನೋ. ಹೆಗಲ ಮೇಲೆ ಕೈಯಿಟ್ಟು, ಮೃದುವಾಗಿ, ಮನೆಯ ಹಿರಿಯನ ಹಾಗೆ ಹೇಳಿದೆ. ಅವನು ತನ್ನ ಬಲಗಾಲು ನೋಡಿಕೊಂಡ. ಅದುವರೆಗೆ ಅವನು 'ನಾನು ಮಾಡಿಲ್ಲ' ಅನ್ನುತ್ತಿದ್ದ. ಆಮೇಲೆ ಅವನು ಹಾಗೆ ಹೇಳಿದ್ದನ್ನು ನಾನು ಕೇಳಲಿಲ್ಲ.

ಲೂಯಿಸ್ ಮೇಸ್ತ್ರಿ ಈ ಸಲ ಹೊಸ ಡಿಸ್ಕ್ ಹಾಕಿದ, ಜೊತೆಗೆ ಹೆಸರೂ ಇಟ್ಟ. ಆನೆಕಾಲು. ಸ್ಟ್ಯಾಂಡಿನ ಡ್ರೈವರುಗಳಿಗೆ ಅಷ್ಟು ಸಿಕ್ಕರೆ ಸಾಲದೇ? "ಓ ಆನೆಕಾಲು, ನಮ್ ಗಾಡಿ ಹತ್ರ ಬರ್ಬೇಡಪ್ಪೋ, ನೆಲ ನಡುಗ್ತೈತೆ!" ಅನ್ನುವರು. ಅವನು ಮೊದಮೊದಲು ನಗುತ್ತಿದ್ದ. ಒಂದು ದಿನ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಓಡಿಸತೊಡಗಿದ. ಪೆಡಲ್ ಎಷ್ಟು ಒತ್ತುತ್ತಿದ್ದೇನೆ ಅಂತ ಗೊತ್ತಾಗಲಿ ಅಂತ. ಸಕಲೇಶಪುರದಲ್ಲಿ ಡಾಕ್ಟರಿಗೆ ಕಾಲು ತೋರಿಸಿಕೊಂಡು ಬಂದ, ಅವರು ಏನೂ ಇಲ್ಲ ಅಂದರಂತೆ. ಆಮೇಲೆ ಕಾಲಿಗೆ ಒಂದು ತಾಯಿತ ಕಟ್ಟಿಸಿಕೊಂಡು ಬಂದ. ನನಗೆ ತೋರಿಸಿದ. "ಒಳ್ಳೇದಾಯ್ತು ಬಿಡು, ಸರಿಹೋಗುತ್ತೆ," ಅಂದೆ ನಾನು. ಒಳ್ಳೇದಾಯ್ತಂತೆ! ಆ ನಾಲಿಗೆಗೆ ಆವತ್ತೇ ಹುಳ ಬೀಳಬೇಕಿತ್ತು.

ಅವನ ಓಡಿಸುವಿಕೆ ಕೆಟ್ಟದ್ದೂ ಆಗಲೇ. ತಿರುವು ಬಂದರೆ ಬ್ರೇಕಿಗೆ ಕಾಲಿಡಲು ಹೆದರುತ್ತಿದ್ದ, ಇಟ್ಟರೆ ತೆಗೆಯಲು ಹೆದರುತ್ತಿದ್ದ. ಒಮ್ಮೆ ಯಸಳೂರಿನ ರಸ್ತೆಯಲ್ಲಿ ದನ ಅಡ್ಡ ಬಂದಾಗ ತಡವಾಗಿ ಒತ್ತಿ, ಗಾಡಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಪದ್ಮ ಪಕ್ಕದಲ್ಲಿದ್ದಳು. ಮನೆಗೆ ಬಂದು, "ಯಾಕ್ರೀ, ರಜಾಕಂಗೆ ಏನಾಗೈತೆ?" ಅಂತ ಕೇಳಿದಳು. ನಾನು, "ವಯಸ್ಸಾಯ್ತು" ಅಂದೆ. ಅವನಿಗೆ ನನಗಿಂತ ಕಡಿಮೆ ವಯಸ್ಸು.

ಆ ವರ್ಷವೇ ಸಕಲೇಶಪುರದ ಒಂದು ಶಾಲೆಯವರು ವ್ಯಾನು ಹಾಕಲು ಹೊರಟಿದ್ದರು. ಒಬ್ಬ ಮೇಷ್ಟರು ರಜಾಕನನ್ನು ಮಾತಾಡಿಸಲು ನಮ್ಮ ತೋಟದವರೆಗೆ ಬಂದರು. ಹಿಂದೆಂದೋ ಅವನ ಗಾಡಿಯಲ್ಲಿ ಕೂತು ಬಂದಿದ್ದವರು, ಆನೆಕಾಲು ಅನ್ನುವ ಹೆಸರು ಗಿಸರು ಕೇಳಿರಲಿಲ್ಲ. ಕೆಲಸ ಸಕಲೇಶಪುರದಲ್ಲೇ. ದಿನಾ ಮನೆಯಲ್ಲೇ ಇರಬಹುದು. ಮಗಳು ಶಾಹಿನಾಳನ್ನೂ ಅದೇ ಶಾಲೆಗೆ ಸೇರಿಸಿಕೊಳ್ಳುತ್ತೇವೆ ಅಂದರು. ರಜಾಕ್ ವರ್ಷಗಳಿಂದ ಬಯಸಿದ್ದು ಅದನ್ನೇ. ಕೆಲಸ ಮುಗಿಸಿ ಸಂಜೆ ಮನೆಗೆ ಹೋಗುವುದು, ಮಗಳ ಮುಖ ವಾರಕ್ಕೊಂದು ಸಲವಲ್ಲ, ದಿನಾ ನೋಡುವುದು. ಎಷ್ಟೋ ಸಲ ಗಾಡಿಯಲ್ಲಿ ಹೋಗುವಾಗ ನನ್ನ ಹತ್ತಿರವೇ ಹೇಳಿಕೊಂಡಿದ್ದ.

ಕಾಫಿ ಕಣದ ಪಕ್ಕ ಕುರ್ಚಿ ಹಾಕಿ ಕೂತಿದ್ದೆವು. ರಜಾಕ್ ನಿಂತಿದ್ದ. ಮೇಷ್ಟರು ಹೇಳುವುದನ್ನೆಲ್ಲ ಕೇಳಿದ. ಅವನ ಮುಖ ಅರಳಿದ್ದೂ ಕಂಡೆ, ಬಾಡಿದ್ದೂ ಕಂಡೆ.

"ಮಕ್ಕಳ ಗಾಡಿ ಬೇಡ ಸಾರ್," ಅಂದ. "ನನ್ ಕಾಲಿನ ಮೇಲೆ ನಂಗೆ ನಂಬ್ಕೆ ಇಲ್ಲ. ಗೌಡ್ರನ್ನ ಕೇಳಿ, ಅವ್ರಿಗೆ ಗೊತ್ತು."

ಮೇಷ್ಟರು ನನ್ನ ಕಡೆ ತಿರುಗಿದರು. ರಜಾಕನೂ ನನ್ನ ಕಡೆ ನೋಡುತ್ತಿದ್ದ. ಇಲ್ಲ ಅನ್ನಲಿ ಅಂತ ಕಾಯುತ್ತಿದ್ದನೇ? ಹಾಗೇ ಇರಬೇಕು. ಅವನ ಕಣ್ಣು ಈಗಲೂ ನನಗೆ ಕಾಣುತ್ತದೆ. ಇವನ ಕಾಲಿಗೆ ಏನೂ ಆಗಿಲ್ಲ ಮೇಷ್ಟ್ರೇ, ತಪ್ಪು ನನ್ನದು — ಎಷ್ಟು ಚಿಕ್ಕ ಮಾತು ಅದು. ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು. ಒಂದು ಗುಟುಕು ಕುಡಿದೆ.

"ಅವನು ಹೇಳೋದೂ ಸರೀನೇ," ಅಂದೆ.

ಮೇಷ್ಟರು ಪೇಚಾಡಿಕೊಂಡು ಹೋದರು. ರಜಾಕ್ ಅವರನ್ನು ಗೇಟಿನವರೆಗೆ ಬಿಟ್ಟು ಬಂದು, ನನ್ನ ಮುಂದೆ ನಿಂತು, "ಒಳ್ಳೇದು ಮಾಡಿದ್ರಿ ಗೌಡ್ರೇ. ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಆ ಮಕ್ಕಳ ತಾಯಂದಿರಿಗೆ ಏನ್ ಉತ್ತರ ಕೊಡ್ತಿದ್ದೆ," ಅಂದ. ಇಷ್ಟು ಹೇಳಿ ಕಾಫಿ ಲೋಟ ಎತ್ತಿಕೊಂಡು ತೊಳೆಯಲು ಹೋದ.

ಮುಂದಿನ ಮಳೆಗಾಲದ ಹೊತ್ತಿಗೆ ಅವನು ಗಾಡಿಯ ಕೆಲಸವನ್ನೇ ಬಿಟ್ಟ. ಸಕಲೇಶಪುರದಲ್ಲಿ ಮೆಣಸಿನ ವ್ಯಾಪಾರಿಯೊಬ್ಬರ ಗೋಡೌನಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ನಾನು ಬೇರೆ ಡ್ರೈವರನ್ನು ಇಟ್ಟುಕೊಂಡೆ. ಬಿಸಿಲೆ ಕಡೆ ನಾನು ಮತ್ತೆ ತಲೆ ಹಾಕಲಿಲ್ಲ, ನನ್ನ ಶೌರ್ಯ ಎಲ್ಲ ಅಷ್ಟಕ್ಕೇ ಇಂಗಿತ್ತು. ಹಾಗಾಗಿ ಡಿಸ್ಕೂ ಮತ್ತೆ ಬೆಂಡ್ ಆಗಲಿಲ್ಲ. ಲೂಯಿಸ್ ಮೇಸ್ತ್ರಿ, "ನೋಡಿದ್ರಾ ಗೌಡ್ರೇ, ರಜಾಕ್ ಬಿಟ್ಟಿದ್ದೇ ಬಿಟ್ಟಿದ್ದು, ನಿಮ್ ಗಾಡಿ ನಡುಗೋದು ನಿಂತೋಯ್ತು," ಅಂದ. ರಜಾಕನ ಮೇಲಿನ ತೀರ್ಪಿಗೆ ಮೊಹರು ಬಿತ್ತು. ನಾನು ತಲೆ ಆಡಿಸಿದೆ.

ಇಷ್ಟಾದ ಮೇಲೂ ಪ್ರತಿ ರಂಜಾನ್ ಹಬ್ಬಕ್ಕೆ ರಜಾಕ್ ಟಿಫಿನ್ ಕ್ಯಾರಿಯರಿನಲ್ಲಿ ಪಾಯಸ ಹಿಡಿದುಕೊಂಡು ತೋಟಕ್ಕೆ ಬರುತ್ತಿದ್ದ. "ಎರಡು ಸಲ ಡಿಸ್ಕ್ ಹಾಳ್ ಮಾಡಿದ್ರೂ ಗೌಡ್ರು ನನ್ನ ಕೈ ಬಿಡ್ಲಿಲ್ಲ" ಅಂತ ಪದ್ಮಳ ಮುಂದೆ, ರೈಟರ ಮುಂದೆ, ಕೊನೆಗೆ ಶಿವಣ್ಣನ ಮುಂದೆ ಕೂಡ ಹೇಳುತ್ತಿದ್ದ. ನಾನು ಎದುರಿಗೆ ಕೂತು, ಲೋಟ ಬರಿದು ಮಾಡಿ, ಇನ್ನೊಂದು ಸ್ವಲ್ಪ ಹಾಕು ಅನ್ನುತ್ತಿದ್ದೆ.

ಹೀಗೇ ಇದ್ದುಬಿಡುತ್ತಿದ್ದೆ. ನನ್ನೊಳಗಿಂದ ಏನೋ ಎದ್ದು ಬಂದು ನನ್ನನ್ನು ಹೇಳಿಸಿತು ಅಂತ ಯಾರೂ ತಿಳಿಯಬೇಡಿ. ಹೇಳಿಸಿದ್ದು ಶಾಹಿನಾ. ಮೊನ್ನೆ ಬೇಸಿಗೆಯಲ್ಲಿ ಒಬ್ಬಳೇ ಬಸ್ಸು ಹತ್ತಿ ನಮ್ಮನೆಗೆ ಬಂದಳು. ಪಿ.ಯು.ಸಿ. ಮುಗಿಸಿದ್ದಾಳೆ. ಕಾರು ಕಲಿಯಬೇಕಂತೆ, ಅವಳ ಗೆಳತಿಯರೆಲ್ಲ ಕಲಿಯುತ್ತಿದ್ದಾರಂತೆ.

"ನಮ್ ಅಬ್ಬಾ ಬಿಲ್ಕುಲ್ ಬೇಡ ಅಂತಾರೆ ಅಂಕಲ್. ನಮ್ಮ ಮನೆಯವ್ರ ಕಾಲೇ ಭಾರ ಅಂತೆ, ನಂದೂ ಹಂಗೇ ಅಂತೆ. ನಾನು ಸೈಕಲ್ ಬ್ರೇಕ್ ಹಿಡಿದ್ರೂ ನೋಡ್ತಾ ನಿಂತಿರ್ತಾರೆ. ನೀವು ಒಂದ್ ಮಾತು ಹೇಳಿ. ನೀವು ಹೇಳಿದ್ರೆ ಅವ್ರು ಏನು ಬೇಕಾದ್ರೂ ಕೇಳ್ತಾರೆ."

ನಾನು ಹೇಳಿದರೆ ಅವನು ಏನು ಬೇಕಾದರೂ ಕೇಳುತ್ತಾನೆ. ನನಗೆ ಅದು ಗೊತ್ತಿಲ್ಲವೇ? ಅವಳು ಅಷ್ಟು ನಂಬಿಕೆಯಿಂದ ನಗುತ್ತ ಕೂತಿದ್ದಳು. ನಾನು ಎದ್ದು ಹಿತ್ತಲಿಗೆ ಹೋಗಿ, ಬಚ್ಚಲ ಕಲ್ಲಿನ ಮೇಲೆ ಬಗ್ಗಿ, ಮಧ್ಯಾಹ್ನ ಉಂಡದ್ದನ್ನೆಲ್ಲ ಕಾರಿಕೊಂಡೆ. ಪದ್ಮ ಬಂದು ಬೆನ್ನು ಸವರಿದಳು. ಅವಳಿಗೆ ಅಲ್ಲೇ, ಬಾಯಿ ತೊಳೆಯುವ ಮೊದಲೇ, ಎಲ್ಲ ಹೇಳಿದೆ. ಅವಳು ಸವರುತ್ತಿದ್ದ ಕೈ ತೆಗೆದಳು. "ಮೊದ್ಲು ಹೋಗಿ ಅವಂಗೆ ಹೇಳಿ ಬನ್ನಿ. ಆಮೇಲೆ ನನ್ನ ಮಾತಾಡಿಸಿ," ಅಂದಳು.

ಶಾಹಿನಾಳ ಜೊತೆ ಅದೇ ಬಸ್ಸಿನಲ್ಲಿ ಹೋದೆ. ರಜಾಕ್ ಮನೆಯಲ್ಲೇ ಇದ್ದ. ನನ್ನನ್ನು ಕಂಡು ಏಳಲು ಹೋದ. ಮೂಟೆ ಹೊತ್ತು ಹೊತ್ತು ಅವನ ಮಂಡಿ ಹೋಗಿದೆ, ಗೋಡೆ ಹಿಡಿದುಕೊಂಡು ಎದ್ದ. ಬಲಗಾಲನ್ನು ಸ್ವಲ್ಪ ಎಳೆಯುತ್ತಾನೆ. ಹೆಂಡತಿಗೆ ಚಾ ಮಾಡು ಅಂದ. ಬೇಡ ಅಂದೆ. ಆ ಮೂರೂ ಜನರ ಮುಂದೆ ಹೇಳಿದೆ — ಪಂಕ್ತಿಯ ನಗು, ಬಿಸಿಲೆ, ನ್ಯೂಟ್ರಲ್, ಬಕೆಟ್, ಹಳ್ಳದ ನೀರು, ಎರಡನೆಯ ಸಲ ಗೊತ್ತಿದ್ದೇ ಹೊಯ್ದದ್ದು, ಮೇಷ್ಟರ ಮುಂದೆ ಆಡಿದ ಮಾತು. ಒಂದನ್ನೂ ಬಿಡಲಿಲ್ಲ. ಕ್ಷಮಿಸು ಅನ್ನಲಿಲ್ಲ. ಕ್ಷಮೆಯನ್ನೂ ಅವನ ಕೈಯಿಂದಲೇ ಕೊಡಿಸಿಕೊಂಡು ಬರುವಷ್ಟು ನಾಚಿಕೆಗೆಟ್ಟವನಾಗಲು ಆವತ್ತು ನನ್ನಿಂದ ಆಗಲಿಲ್ಲ.

ರಜಾಕನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಶಾಹಿನಾ ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ನನ್ನನ್ನು ಯಾರೂ ಯಾವತ್ತೂ ನೋಡಿರಲಿಲ್ಲ. ಅವನು ಬೈಯಲಿ, ಎದ್ದು ಕೆನ್ನೆಗೆ ಬಾರಿಸಲಿ ಅಂತ ನಾನು ಕಾಯುತ್ತಿದ್ದೆ.

"ಹಂಗಾದ್ರೆ ನನ್ ಕಾಲು ಸರಿಯಾಗೇ ಇತ್ತಾ?" ಅಂದ.

"ಸರಿಯಾಗೇ ಇತ್ತು ರಜಾಕ್. ನಿನ್ನಷ್ಟು ಚೆನ್ನಾಗಿ ಓಡಿಸೋನನ್ನ ನಾನು ನೋಡಿಲ್ಲ."

"ಎರಡು ಸಲಾನೂ ಶುಕ್ರವಾರಾನಾ?"

"ಹೌದು. ಮಧ್ಯಾಹ್ನ. ನೀನು ಮಸೀದಿಗೆ ಹೋಗಿದ್ದಾಗ."

ಅವನು ಮಗಳ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡದೆ, ಮಂಡಿಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಅಂದ:

"ಮೊದಲ್ನೇ ಸಲ ಆದ್ಮೇಲೆ ಪ್ರತೀ ಶುಕ್ರವಾರ ನಾನು ಅಲ್ಲಿ ಕೂತ್ಕೊಂಡು ಕೇಳ್ತಿದ್ದಿದ್ದು ಅದೊಂದೇ ಗೌಡ್ರೇ. ನನ್ ಕಾಲು ಸರಿಮಾಡು ಅಂತ. ಬಾಯಲ್ಲಿ ನಾನಲ್ಲ ಅಂತಿದ್ರೂ ಒಳಗೆ ಅನುಮಾನ ಹೊಕ್ಕಿತ್ತು. ಎರಡನೇ ಸಲ ಆಯ್ತಲ್ಲ, ಆವತ್ತೂ ಅದನ್ನೇ ಕೇಳ್ಕೊಂಡು ಬಂದಿದ್ದೆ. ಮಾರನೇ ವಾರ ಗಾಡಿ ಮತ್ತೆ ನಡುಗ್ತಲ್ಲ — ಆ ಮೇಲಿನವ್ನೂ ನನ್ ಮಾತು ಕೇಳಲ್ಲ ಅಂದ್ಕೊಂಡ್ಬುಟ್ಟೆ."

ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಹೋಗಿ ಬನ್ನಿ ಅಂತ ಯಾರೂ ಅನ್ನಲಿಲ್ಲ.